ಕ್ಯಾಲ್ಸಿಯಂ ಪುಡಿ ಹಾಕಿದರೂ ಆಮೆಯ ಚಿಪ್ಪು ಮೆತ್ತಗೇ ಇದೆ, ಇನ್ನೂ ಜಾಸ್ತಿ ಹಾಕಬೇಕಾ?

ಹಸಿರುಟಬ್:

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಪೋಸ್ಟ್. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯಲ್ಲಿ ಒಂದು ಪುಟ್ಟ ನೀರಾಮೆ ಇದೆ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುತ್ತಲ್ಲ, ರೆಡ್ ಇಯರ್ಡ್ ಸ್ಲೈಡರ್. ಬಂದು ಒಂಬತ್ತು ತಿಂಗಳಾಯಿತು. ಚಿಪ್ಪಿನ ಉದ್ದ 6 ಸೆಂಟಿಮೀಟರ್, ತೂಕ 48 ಗ್ರಾಂ.

ಹದಿನೈದು ದಿನದ ಹಿಂದೆ ನೀರು ಬದಲಾಯಿಸುವಾಗ ಅದನ್ನು ಕೈಗೆ ತೆಗೆದುಕೊಂಡೆ. ಚಿಪ್ಪಿನ ಹಿಂದಿನ ಅಂಚಿಗೆ ಹೆಬ್ಬೆರಳು ತಾಗಿತು. ಅಲ್ಲಿ ಚಿಪ್ಪು ಸ್ವಲ್ಪ ಒಳಗೆ ಹೋಯಿತು, ಬೆರಳು ತೆಗೆದ ಮೇಲೆ ಮತ್ತೆ ಮೇಲೆ ಬಂತು. ಒದ್ದೆ ರಟ್ಟು ಒತ್ತಿದ ಹಾಗಿತ್ತು. ಎದೆ ಧಸಕ್ಕೆಂದಿತು.

ಅವತ್ತೇ ಆಮೆಗೆಂದೇ ಸಿಗುವ ಕ್ಯಾಲ್ಸಿಯಂ ಪುಡಿ ತಂದೆ. ದಿನಕ್ಕೆರಡು ಸಲ ಊಟದ ಮೇಲೆ ಉದುರಿಸುತ್ತಿದ್ದೇನೆ. ಊಟ ನೀರಿಗೆ ಬಿದ್ದ ತಕ್ಷಣ ಪುಡಿಯೆಲ್ಲ ಬಿಟ್ಟುಕೊಂಡು ನೀರು ಬೆಳ್ಳಗಾಗುತ್ತದೆ. ಎರಡು ವಾರ ಆಯಿತು, ಚಿಪ್ಪು ಹಾಗೇ ಇದೆ. ಈಗ ಎಷ್ಟು ಹಾಕಬೇಕು? ಅಳತೆ ಏನಾದರೂ ಇದೆಯಾ? ಮಗಳು ದಿನಾ ಸ್ಕೂಲಿಂದ ಬಂದು ಮೊದಲು ಅದನ್ನೇ ನೋಡುತ್ತಾಳೆ. ಅವಳಿಗೆ ಇನ್ನೂ ಹೇಳಿಲ್ಲ.

ಹಳೇಟ್ಯಾಂಕ್:

ನಮಸ್ಕಾರ. ಸದ್ಯಕ್ಕೆ ಪುಡಿ ಜಾಸ್ತಿ ಮಾಡಬೇಡಿ. ಅಳತೆ ಹೇಳುವ ಮೊದಲು ನನಗೆ ಕೆಲವು ವಿಷಯ ಗೊತ್ತಾಗಬೇಕು.

ಟ್ಯಾಂಕಿನ ಮೇಲೆ ಯಾವ ಲೈಟ್ ಇದೆ? ಯುವಿಬಿ ಟ್ಯೂಬ್, ಅಂದರೆ ಬಿಸಿಲಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಕೊಡುವ ಲೈಟ್, ಇದೆಯಾ? ಆಮೆ ಪೂರ್ತಿ ನೀರಿನಿಂದ ಹೊರಗೆ ಬಂದು ಮೈ ಒಣಗಿಸಿಕೊಳ್ಳುವ ಜಾಗ ಇದೆಯಾ, ಅಲ್ಲಿ ಎಷ್ಟು ಬಿಸಿ ಇರುತ್ತದೆ? ಆಮೇಲೆ ಊಟ. ಏನು ಕೊಡುತ್ತೀರಿ ಅನ್ನುವುದಕ್ಕಿಂತ ಅದು ನಿಜಕ್ಕೂ ಏನು ತಿನ್ನುತ್ತದೆ ಅಂತ ಬರೆಯಿರಿ.

ಹಸಿರುಟಬ್:

ಲೈಟ್ ಅಂದರೆ ಮಾಮೂಲಿ ಬಿಳಿ ಎಲ್‌ಇಡಿ. ಆದರೆ ಟ್ಯಾಂಕ್ ಕಿಟಕಿ ಪಕ್ಕದಲ್ಲೇ ಇದೆ, ಬೆಳಗ್ಗೆ ಎರಡು ಗಂಟೆ ಒಳ್ಳೇ ಬಿಸಿಲು ಬೀಳುತ್ತದೆ. ಅದಕ್ಕೇ ಬೇರೆ ಲೈಟ್ ಬೇಡ ಅಂದುಕೊಂಡಿದ್ದೆ. ಕಿಟಕಿಯ ಗಾಜು ಯಾವಾಗಲೂ ಮುಚ್ಚಿರುತ್ತದೆ.

ಕೂರಲು ಒಂದು ಕಲ್ಲು ಇದೆ. ಅರ್ಧ ನೀರೊಳಗೆ, ಅರ್ಧ ಮೇಲೆ. ಆಮೆ ಹತ್ತುತ್ತದೆ, ಆದರೆ ಹೊಟ್ಟೆ ಒದ್ದೆಯಾಗೇ ಇರುತ್ತದೆ. ಬಿಸಿ ಅಳೆದಿಲ್ಲ.

ಊಟಕ್ಕೆ ಒಣ ಸೀಗಡಿ. ಅದೆಂದರೆ ಪ್ರಾಣ ಬಿಡುತ್ತದೆ. ಮಧ್ಯೆ ಬೇಯಿಸಿದ ಕೋಳಿ ಎದೆಯ ಸಣ್ಣ ತುಂಡು. ಪೆಲೆಟ್ (ಅಂಗಡಿಯಲ್ಲಿ ಸಿಗುವ ಆಮೆ ಊಟದ ಗುಳಿಗೆ) ಹಾಕಿದರೆ ಬಾಯಿಗೆ ಹಾಕಿಕೊಂಡು ಉಗುಳುತ್ತದೆ. ಸೊಪ್ಪು ಮುಟ್ಟುವುದಿಲ್ಲ.

ಹಳೇಟ್ಯಾಂಕ್:

ಇಷ್ಟು ವಿವರವಾಗಿ ಬರೆದದ್ದು ಒಳ್ಳೆಯದಾಯಿತು. ಗಾಬರಿಯಾಗಬೇಡಿ, ಆದರೆ ತಡ ಮಾಡಲೂಬೇಡಿ.

ಮುಚ್ಚಿದ ಕಿಟಕಿಯಿಂದ ಬರುವ ಬಿಸಿಲಲ್ಲಿ ಬೆಳಕಿದೆ, ಬೆಚ್ಚಗಿದೆ, ಆದರೆ ನಿಮ್ಮ ಆಮೆಗೆ ಬೇಕಾದ ಯುವಿಬಿ ಇಲ್ಲ. ಮಾಮೂಲಿ ಗಾಜು ಅದನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಮನೆಯ ಎಲ್‌ಇಡಿಯಲ್ಲೂ ಅದು ಇರುವುದಿಲ್ಲ. ಅಂದರೆ ಒಂಬತ್ತು ತಿಂಗಳಿಂದ ಅದಕ್ಕೆ ಯುವಿಬಿ ಸಿಕ್ಕೇ ಇಲ್ಲ.

ಇದಕ್ಕೂ ಪುಡಿಗೂ ಏನು ಸಂಬಂಧ ಅಂದರೆ, ಹೊಟ್ಟೆಗೆ ಹೋದ ಕ್ಯಾಲ್ಸಿಯಂ ತಾನಾಗಿ ರಕ್ತಕ್ಕೆ ಸೇರುವುದಿಲ್ಲ. ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳಬೇಕಾದರೆ ವಿಟಮಿನ್ ಡಿ3 ಬೇಕು. ಆಮೆಯ ಚರ್ಮದ ಮೇಲೆ ಯುವಿಬಿ ಬಿದ್ದಾಗ ಅಲ್ಲೇ ಡಿ3 ತಯಾರಾಗಲು ಶುರುವಾಗುತ್ತದೆ. ಅದು ಪೂರ್ತಿ ಡಿ3 ಆಗಲು ಮೈಯ ಬಿಸಿಯೂ ಬೇಕು. ಆಮೇಲೆ ಲಿವರ್, ಕಿಡ್ನಿ ಎರಡನ್ನೂ ದಾಟಿ ಕೆಲಸಕ್ಕೆ ಬರುವ ರೂಪ ಪಡೆಯುತ್ತದೆ. ಹಾಗಾಗಿ ಬೆಳಕು, ಬಿಸಿ, ಊಟ ಮೂರನ್ನೂ ಒಟ್ಟಿಗೆ ನೋಡಬೇಕು. ಒಂದು ಕೈಕೊಟ್ಟರೆ ಪುಡಿ ನೀರಿಗೂ ಹಿಕ್ಕೆಗೂ ಹೋಗುತ್ತದೆ ಅಷ್ಟೇ.

ಊಟದ ವಿಷಯವೂ ಇದೆ. ಕ್ಯಾಲ್ಸಿಯಂ ಎಷ್ಟಿದೆ ಅನ್ನುವುದರ ಜೊತೆಗೆ ಫಾಸ್ಫರಸ್ ಎಷ್ಟಿದೆ ಅಂತಲೂ ನೋಡಬೇಕು. ಫಾಸ್ಫರಸ್ ಒಂದು ಪಾಲು ಇದ್ದರೆ ಕ್ಯಾಲ್ಸಿಯಂ ಸುಮಾರು ಎರಡು ಪಾಲು ಇರಬೇಕು. 100 ಗ್ರಾಂ ಬೇಯಿಸಿದ ಕೋಳಿ ಎದೆಯಲ್ಲಿ ಕ್ಯಾಲ್ಸಿಯಂ ಸುಮಾರು 15 ಮಿಲಿಗ್ರಾಂ, ಫಾಸ್ಫರಸ್ 220 ಮಿಲಿಗ್ರಾಂ ಆಸುಪಾಸು. ಪೂರ್ತಿ ತಲೆಕೆಳಗು. ಮೂಳೆ ಇಲ್ಲದ ಯಾವ ಮಾಂಸ ತೆಗೆದುಕೊಂಡರೂ ಹೀಗೇ. ಕಾಡಿನಲ್ಲಿ ಆಮೆ ಸಣ್ಣ ಮೀನನ್ನು ಮುಳ್ಳಿನ ಸಮೇತ ತಿನ್ನುತ್ತದೆ, ಬಸವನಹುಳುವನ್ನು ಚಿಪ್ಪಿನ ಸಮೇತ ಕಡಿಯುತ್ತದೆ. ನಾವು ಬರೀ ಮಾಂಸ ಕೊಟ್ಟು ಆ ಮುಳ್ಳು, ಆ ಚಿಪ್ಪು ಎರಡನ್ನೂ ತೆಗೆದುಬಿಟ್ಟಿರುತ್ತೇವೆ.

ಇವತ್ತೇ ಕೋಳಿ ನಿಲ್ಲಿಸಿ. ನಾಳೆ ಯುವಿಬಿ ಟ್ಯೂಬ್ ತನ್ನಿ. ಸರೀಸೃಪಗಳನ್ನು ನೋಡುವ ಡಾಕ್ಟರ್ ಸಿಕ್ಕರೆ ಒಂದು ಸಲ ತೋರಿಸಿ. ಇಷ್ಟು ಮೆತ್ತಗಿದ್ದರೆ ಮನೆಯಲ್ಲೇ ಸರಿ ಮಾಡುತ್ತೇನೆ ಅಂತ ಕಾಯಬಾರದು.

ಮಳೆಹನಿ:

ಹಸಿರುಟಬ್ ಅವರೇ, ನಮ್ಮ ಮನೆ ಆಮೆಗೆ ಚಿಕ್ಕದಿದ್ದಾಗ ಅಮ್ಮ ಒಂದೊಂದು ಚಮಚ ಹಾಲು ಕೊಡುತ್ತಿದ್ದರು. ಹಾಲಲ್ಲಿ ಕ್ಯಾಲ್ಸಿಯಂ ಚೆನ್ನಾಗಿರುತ್ತಲ್ವಾ? ಇಲ್ಲಾಂದರೆ ನಾವು ತಗೊಳ್ಳುವ ಕ್ಯಾಲ್ಸಿಯಂ ಮಾತ್ರೆಯನ್ನೇ ಪುಡಿ ಮಾಡಿ ಸ್ವಲ್ಪ ಕೊಟ್ಟು ನೋಡಬಹುದು. ಮಾತ್ರೆಯಲ್ಲಿ ಡಿ3 ಕೂಡ ಇರುತ್ತದೆ, ಲೈಟಿನ ಖರ್ಚೂ ಉಳಿಯುತ್ತದೆ.

ಪ್ರಾಣಿವೈದ್ಯೆ:

ಮಳೆಹನಿ ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಎರಡೂ ಬೇಡ.

ಹಾಲು ಮರಿಗೆ ಹಾಲೂಡಿಸುವ ಪ್ರಾಣಿಗಳಿಗೆ. ಆಮೆ ಹುಟ್ಟಿದಾಗಿನಿಂದ ಹಾಲು ಕಂಡದ್ದಲ್ಲ, ಹಾಲಿನ ಸಕ್ಕರೆಯನ್ನು ಅರಗಿಸುವ ವ್ಯವಸ್ಥೆ ಅದರ ಹೊಟ್ಟೆಯಲ್ಲಿಲ್ಲ. ಭೇದಿಯಾಗುತ್ತದೆ, ನೀರೂ ಕೆಡುತ್ತದೆ.

ಮಾತ್ರೆಯ ಲೆಕ್ಕ ನೋಡಿ. ಅದನ್ನು ಮಾಡಿರುವುದು 50 ಕೆಜಿ, 60 ಕೆಜಿ ತೂಗುವ ಮನುಷ್ಯರಿಗೆ. ಈ ಆಮೆ 48 ಗ್ರಾಂ. ಸಾವಿರ ಪಾಲಿಗಿಂತ ಜಾಸ್ತಿ ವ್ಯತ್ಯಾಸ. ಅಡುಗೆಮನೆಯಲ್ಲಿ ಕೂತು ಒಂದು ಮಾತ್ರೆಯನ್ನು ಸಾವಿರ ಪಾಲು ಮಾಡಲು ಯಾರಿಂದಲೂ ಆಗುವುದಿಲ್ಲ. ಬಾಯಿಯಿಂದ ಹೋದ ಕ್ಯಾಲ್ಸಿಯಂ ಹೆಚ್ಚಾದರೆ ಬಹುಪಾಲು ಹೊರಗೆ ಹೋಗುತ್ತದೆ, ಆದರೆ ಡಿ3 ಹಾಗಲ್ಲ. ಅದು ಕೊಬ್ಬಿನಲ್ಲಿ ಕರಗಿ ಮೈಯಲ್ಲಿ ಉಳಿಯುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ, ರಕ್ತನಾಳಗಳಲ್ಲಿ ಸುಣ್ಣದ ಹಾಗೆ ಕಟ್ಟಿಕೊಳ್ಳುತ್ತದೆ. ಅದನ್ನು ವಾಪಸ್ ತೆಗೆಯುವುದು ತುಂಬಾ ಕಷ್ಟ. ಯುವಿಬಿಯಿಂದ ಚರ್ಮದಲ್ಲಿ ತಯಾರಾಗುವ ಡಿ3ಗೆ ಈ ಭಯವಿಲ್ಲ, ಸಾಕಾದ ಮೇಲೆ ಮೈಯೇ ನಿಲ್ಲಿಸುತ್ತದೆ. ಅದಕ್ಕೇ ಬೆಳಕಿನ ಮೇಲೆ ಇಷ್ಟು ಒತ್ತಿ ಹೇಳುವುದು.

ಹಸಿರುಟಬ್ ಅವರೇ, ನೀವು ಹೇಳುತ್ತಿರುವ ಲಕ್ಷಣಕ್ಕೆ ಮೆಟಬಾಲಿಕ್ ಬೋನ್ ಡಿಸೀಸ್ ಅನ್ನುತ್ತೇವೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುತ್ತಾ ಬಂದ ಹಾಗೆ ಕುತ್ತಿಗೆಯ ಹತ್ತಿರದ ಪ್ಯಾರಾಥೈರಾಯ್ಡ್ ಗ್ರಂಥಿ ಎಚ್ಚರವಾಗುತ್ತದೆ. ಹೃದಯ ಬಡಿಯಲು, ಮಾಂಸಖಂಡ ಕುಗ್ಗಲು ಕ್ಯಾಲ್ಸಿಯಂ ಬೇಕೇ ಬೇಕು. ಊಟದಿಂದ ಸಿಗದಿದ್ದರೆ ಆ ಗ್ರಂಥಿ ಅದನ್ನು ಮೂಳೆಯಿಂದ ಕಿತ್ತು ತರಿಸುತ್ತದೆ. ಆಮೆಯ ಚಿಪ್ಪು ಅಂದರೆ ಮೂಳೆಯೇ. ಪಕ್ಕೆಲುಬು, ಬೆನ್ನುಮೂಳೆ ಎಲ್ಲ ಬೆಸೆದುಕೊಂಡು ಆಗಿರುವಂಥದ್ದು. ಮೇಲೆ ಕಾಣುವ ಹಸಿರು ಬಿಲ್ಲೆಗಳು ನಮ್ಮ ಉಗುರಿನ ಥರದ ಪದರ. ನಿಮ್ಮ ಹೆಬ್ಬೆರಳಿಗೆ ಮೆತ್ತಗೆ ಸಿಕ್ಕಿದ್ದು ಆ ಪದರದ ಕೆಳಗಿನ ಮೂಳೆ.

ಇನ್ನೊಂದು ವಿಷಯ. ಈ ಹಂತದಲ್ಲಿ ರಕ್ತ ಪರೀಕ್ಷೆ ಮಾಡಿದರೆ ಕ್ಯಾಲ್ಸಿಯಂ ಸರಿಯಾಗೇ ಇದೆ ಅಂತ ಬರಬಹುದು, ಮೂಳೆ ಕೊಡುತ್ತಾ ಇರುವುದರಿಂದ. ಹಾಗಾಗಿ ಎಕ್ಸ್‌ರೇ ಕೂಡ ಕೇಳಿ. ಕಾಲು ನಡುಗುವುದು, ನಡೆಯುವಾಗ ಹೊಟ್ಟೆ ನೆಲಕ್ಕೆ ಎಳೆದುಕೊಂಡು ಹೋಗುವುದು, ಹಿಂಗಾಲು ಸೋಲುವುದು, ದವಡೆ ರಬ್ಬರಿನ ಹಾಗೆ ಬಾಗುವುದು ಇದರಲ್ಲಿ ಒಂದು ಕಂಡರೂ ಅದೇ ದಿನ ಕರೆದುಕೊಂಡು ಹೋಗಿ. ದಯವಿಟ್ಟು ಪದೇ ಪದೇ ಚಿಪ್ಪು ಒತ್ತಿ ನೋಡಬೇಡಿ. ಅದಕ್ಕೆ ನೋವಾಗುತ್ತದೆ, ಮೂಳೆ ಮುರಿಯಲೂಬಹುದು.

ಎಂಟುವರ್ಷ:

ಎಲ್ಲರೂ ಹೆದರಿಸುತ್ತಿದ್ದೀರಿ ಅನಿಸುತ್ತದೆ. ನನ್ನ ಹತ್ತಿರ ಒಂದು ಸ್ಲೈಡರ್ ಎಂಟು ವರ್ಷದಿಂದ ಇದೆ. ಇವತ್ತಿನವರೆಗೆ ಒಂದು ಚಿಟಿಕೆ ಕ್ಯಾಲ್ಸಿಯಂ ಪುಡಿ ಹಾಕಿಲ್ಲ. ಚಿಪ್ಪು ಕಲ್ಲಿನ ಹಾಗಿದೆ. ಪೆಲೆಟ್, ನೀರಲ್ಲಿ ಬೆಳೆಯುವ ಗಿಡ, ಆಗೊಮ್ಮೆ ಈಗೊಮ್ಮೆ ಸಣ್ಣ ಮೀನು. ಅಷ್ಟೇ. ಹೊರಗೆ ತೊಟ್ಟಿಯಲ್ಲಿದೆ. ಸುಮ್ನೆ ಏನೇನೋ ಹಾಕಿ ಪ್ರಾಣಿಗೆ ತೊಂದರೆ ಕೊಡುವುದು ಯಾಕೆ?

ಹಳೇಟ್ಯಾಂಕ್:

ಎಂಟುವರ್ಷ ಅವರೇ, ನೀವು ಹೇಳಿದ್ದು ಸರಿ. ನಿಮ್ಮ ಆಮೆಗೆ ಪುಡಿ ಬೇಕಾಗಿಲ್ಲ. ಯಾಕೆ ಅಂತ ನೀವೇ ಬರೆದಿದ್ದೀರಿ. ತೊಟ್ಟಿ ಹೊರಗಿದೆ, ಅಂದರೆ ಗಾಜಿಲ್ಲದ ನೇರ ಬಿಸಿಲು. ಒಳ್ಳೇ ಪೆಲೆಟ್‌ನಲ್ಲಿ ಕ್ಯಾಲ್ಸಿಯಂ, ಡಿ3 ಮೊದಲೇ ಸೇರಿಸಿರುತ್ತಾರೆ. ಮೀನು ಮುಳ್ಳಿನ ಸಮೇತ ಹೋಗುತ್ತದೆ. ಬೇಕಾದ್ದೆಲ್ಲ ಅದಕ್ಕೆ ಸಿಗುತ್ತಿದೆ.

ಹಸಿರುಟಬ್ ಅವರದ್ದರಲ್ಲಿ ಇದ್ಯಾವುದೂ ಇಲ್ಲ. ಜೊತೆಗೆ ಅದು ಬೆಳೆಯುವ ಮರಿ. ದೊಡ್ಡ ಆಮೆ ಇರುವ ಮೂಳೆಯನ್ನು ಉಳಿಸಿಕೊಂಡರೆ ಸಾಕು, ಮರಿ ಪ್ರತಿ ವಾರ ಹೊಸ ಮೂಳೆ ಕಟ್ಟಬೇಕು. ನಿಮ್ಮ ಅನುಭವವನ್ನು ಅಲ್ಲಿಗೆ ಹಾಗೇ ಹೊಂದಿಸಲು ಆಗುವುದಿಲ್ಲ.

ಎಂಟುವರ್ಷ:

ಒಪ್ಪಿದೆ. ಮರಿ ಅನ್ನುವುದನ್ನು ನಾನು ಗಮನಿಸಿರಲಿಲ್ಲ.

ಎಲೆಬುಟ್ಟಿ:

ನನ್ನದು ನೆಲದ ಆಮೆ, ಪೂರ್ತಿ ಸೊಪ್ಪು ತಿನ್ನುವಂಥದ್ದು. ನೆಲದ ಆಮೆ ಸಾಕುವವರೂ ಇದನ್ನು ಓದುತ್ತಿರಬಹುದು, ಅದಕ್ಕೆ ಬರೆಯುತ್ತಿದ್ದೇನೆ.

ನಮಗೆ ಪುಡಿ ಹಾಕುವುದು ಸುಲಭ. ಸೊಪ್ಪು ತೊಳೆದು, ನೀರು ಒದರಿ, ಇನ್ನೂ ತೇವ ಇರುವಾಗ ಉದುರಿಸಿದರೆ ಅಂಟಿಕೊಳ್ಳುತ್ತದೆ. ಎಲೆ ಮೇಲೆ ಮಂಜು ಬಿದ್ದಷ್ಟು ತೆಳ್ಳಗೆ ಸಾಕು. ದಪ್ಪ ಹಾಕಿದರೆ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಮರಿ ಇದ್ದಾಗ ವಾರಕ್ಕೆ ಮೂರು ಸಲ ಹಾಕುತ್ತಿದ್ದೆ, ಈಗ ಒಂದು ಸಲ. ಹೊರಗೆ ಬಿಸಿಲಲ್ಲಿ ಓಡಾಡಿಸುವುದರಿಂದ ಡಿ3 ಇಲ್ಲದ ಪುಡಿಯನ್ನೇ ತರುತ್ತೇನೆ.

ಸೊಪ್ಪಿನ ವಿಷಯದಲ್ಲಿ ನಾನು ಮೋಸ ಹೋದದ್ದು ಪಾಲಕ್‌ನಿಂದ. ಪಟ್ಟಿ ನೋಡಿದರೆ 100 ಗ್ರಾಂಗೆ ಕ್ಯಾಲ್ಸಿಯಂ 99 ಮಿಲಿಗ್ರಾಂ, ಫಾಸ್ಫರಸ್ 49. ಸರಿಯಾಗಿ ಎರಡಕ್ಕೆ ಒಂದು! ಖುಷಿಯಿಂದ ದಿನಾ ಕೊಟ್ಟೆ. ಆಮೇಲೆ ಗೊತ್ತಾಯಿತು, ಪಾಲಕ್‌ನಲ್ಲಿ ಆಕ್ಸಲೇಟ್ ಜಾಸ್ತಿ, ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಕರುಳಿಗೆ ಬಿಡುವುದೇ ಇಲ್ಲ. ಬೀಟ್‌ರೂಟ್ ಸೊಪ್ಪೂ ಹಾಗೇ. ಅಪರೂಪಕ್ಕೆ ತಿಂದರೆ ಏನೂ ಆಗುವುದಿಲ್ಲ, ಅದನ್ನೇ ನಂಬಿಕೊಳ್ಳಬಾರದು. ಡ್ಯಾಂಡೆಲಿಯನ್ ಎಲೆ, ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಸುಕಳ್ಳಿ, ದಾಸವಾಳದ ಎಲೆ ಇವನ್ನು ಬದಲಿಸಿ ಬದಲಿಸಿ ಕೊಡುತ್ತೇನೆ. ಔಷಧಿ ಹೊಡೆದ ಗಿಡದ್ದು ಮಾತ್ರ ಬೇಡ.

ಇನ್ನು ಚಿಪ್ಪಿನ ಬಿಲ್ಲೆಗಳು ಗುಡ್ಡದ ಹಾಗೆ ಏಳುವುದನ್ನು ಎಲ್ಲರೂ ಕ್ಯಾಲ್ಸಿಯಂ ತಲೆಗೆ ಕಟ್ಟುತ್ತಾರೆ. 2003ರಲ್ಲಿ ಆಫ್ರಿಕಾದ ಸಲ್ಕಾಟಾ ಆಮೆ ಮರಿಗಳ ಮೇಲೆ ಪ್ರಕಟವಾದ ಅಧ್ಯಯನದಲ್ಲಿ, ಮರಿಗಳಿದ್ದ ಜಾಗದ ಗಾಳಿ ತುಂಬಾ ಒಣಗಿದ್ದರೆ ಬಿಲ್ಲೆಗಳು ಹೆಚ್ಚು ಏಳುತ್ತವೆ ಅಂತ ಕಂಡುಬಂತು. ಊಟದ ಪ್ರೋಟೀನ್‌ಗಿಂತ ತೇವದ್ದೇ ದೊಡ್ಡ ಪಾತ್ರ. ಹಾಗಾಗಿ ಗುಡ್ಡ ಕಂಡ ಕೂಡಲೇ ಪುಡಿ ಸುರಿಯಬೇಡಿ. ಗುಡ್ಡ ಎದ್ದೂ ಚಿಪ್ಪು ಗಟ್ಟಿಯಾಗೇ ಇರಬಹುದು.

ಹಸಿರುಟಬ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಎಲ್ಲವನ್ನೂ ಎರಡು ಸಲ ಓದಿದೆ. ಇಷ್ಟು ದಿನ ಬಿಸಿಲು ಅಂತ ನಂಬಿಕೊಂಡಿದ್ದೆನಲ್ಲ ಅಂತ ಬೇಜಾರಾಯಿತು.

ಇವತ್ತು ಯುವಿಬಿ ಟ್ಯೂಬ್ ತಂದೆ. ಟ್ಯಾಂಕಿನ ಮೇಲೆ ಗಾಜಿನ ಮುಚ್ಚಳ ಇದೆ, ಅದರ ಮೇಲಿಟ್ಟರೆ ಆಗಲ್ಲ ಅಲ್ವಾ? ಎಷ್ಟು ಹೊತ್ತು ಉರಿಸಬೇಕು? ಮತ್ತೆ ನೀರಲ್ಲಿ ಪುಡಿ ನಿಲ್ಲದಿದ್ದರೆ ಮರಿ ಹೊಟ್ಟೆಗೆ ಕ್ಯಾಲ್ಸಿಯಂ ಸೇರಿಸುವುದು ಹೇಗೆ? ನೆಲದ ಮೇಲೆ ಇಟ್ಟು ತಿನ್ನಿಸಲು ನೋಡಿದೆ, ಬಾಯಲ್ಲಿ ಹಿಡಿದುಕೊಂಡು ನೀರಿಗೆ ಓಡಿತು.

ಹಳೇಟ್ಯಾಂಕ್:

ಅದು ಓಡಿದ್ದು ಸರಿಯೇ. ನೀರಾಮೆಗಳು ನೀರೊಳಗೇ ನುಂಗುವುದು.

ಗಾಜಿನ ಮುಚ್ಚಳ ತೆಗೆಯಿರಿ. ಪ್ಲಾಸ್ಟಿಕ್ ಹಾಳೆಯೂ ಬೇಡ. ಸಣ್ಣ ಕಣ್ಣಿನ ಜಾಲರಿ ಕೂಡ ಒಂದಷ್ಟು ಯುವಿಬಿ ತಿನ್ನುತ್ತದೆ. ಟ್ಯೂಬನ್ನು ಆಮೆ ಕೂರುವ ಜಾಗದ ನೇರ ಮೇಲೆ ಕಟ್ಟಿ, ಡಬ್ಬದ ಮೇಲೆ ಬರೆದ ದೂರದಲ್ಲಿ. ತುಂಬಾ ಹತ್ತಿರವಾದರೆ ಕಣ್ಣಿಗೆ ತೊಂದರೆ. ದಿನಕ್ಕೆ 10ರಿಂದ 12 ಗಂಟೆ ಉರಿಯಲಿ, ರಾತ್ರಿ ಕತ್ತಲೆ ಇರಲಿ. ಕೊಂಡ ತಾರೀಕನ್ನು ಟ್ಯೂಬಿನ ತುದಿಯಲ್ಲಿ ಮಾರ್ಕರ್‌ನಲ್ಲಿ ಬರೆದಿಡಿ. ಬೆಳಕು ವರ್ಷಗಟ್ಟಲೆ ಬರುತ್ತದೆ, ಆದರೆ ಯುವಿಬಿ ಅದಕ್ಕಿಂತ ತುಂಬಾ ಮೊದಲೇ ಇಳಿಯುತ್ತದೆ. ಟ್ಯೂಬಿನ ಗುಣದ ಮೇಲೆ 6ರಿಂದ 12 ತಿಂಗಳಿಗೆ ಬದಲಾಯಿಸಬೇಕು. ಉರಿಯುತ್ತಿದೆಯಲ್ಲ ಅಂತ ಬಿಡುವವರೇ ಜಾಸ್ತಿ.

ಕೂರುವ ಜಾಗ ಪೂರ್ತಿ ಒಣಗಿರಲಿ. ಅಲ್ಲಿ ಸುಮಾರು 32 ಡಿಗ್ರಿ, ನೀರು ಮರಿಗೆ 26 ಡಿಗ್ರಿ ಆಸುಪಾಸು. ಬಿಸಿಗೆ ಬೇರೆ ಬಲ್ಬ್ ಬೇಕಾಗುತ್ತದೆ, ಯುವಿಬಿ ಟ್ಯೂಬ್ ಅಷ್ಟು ಬಿಸಿ ಕೊಡುವುದಿಲ್ಲ. ತಣ್ಣಗಿರುವ ಆಮೆಗೆ ತಿಂದದ್ದು ಅರಗುವುದೂ ಇಲ್ಲ.

ಹೊರಗೆ ಬಿಸಿಲಿಗೆ ಇಡುವುದಾದರೆ ಅರ್ಧ ನೆರಳು ಇರುವ ಅಗಲ ಟಬ್ ಬಳಸಿ, ನೀವು ಪಕ್ಕದಲ್ಲೇ ಇರಿ. ಸಣ್ಣ ಗಾಜಿನ ತೊಟ್ಟಿಯನ್ನು ಬಿಸಿಲಿಗೆ ಇಟ್ಟು ಫೋನ್ ಎತ್ತಲು ಒಳಗೆ ಹೋದವರು ಆಮೆ ಕಳೆದುಕೊಂಡಿದ್ದಾರೆ. ಅಷ್ಟು ಬೇಗ ನೀರು ಕಾಯುತ್ತದೆ.

ಮರಳುಗುಂಡಿ:

ಪುಡಿ ನೀರಲ್ಲಿ ನಿಲ್ಲಲ್ಲ ಅನ್ನುವುದಕ್ಕೆ ನಾನು ಮಾಡುವುದನ್ನು ಹೇಳುತ್ತೇನೆ.

ಒಂದು, ಕಟಲ್‌ಬೋನ್. ಕಟಲ್‌ಫಿಶ್ ಅನ್ನುವ ಕಡಲ ಜೀವಿಯ ಒಳಗಿನ ಬಿಳಿ ಮೂಳೆ, ಪಕ್ಷಿ ಪಂಜರದಲ್ಲಿ ಸಿಕ್ಕಿಸುತ್ತಾರಲ್ಲ ಅದೇ. ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಬಣ್ಣ, ವಾಸನೆ ಸೇರಿಸಿದ್ದು ಬೇಡ. ಒಂದು ಬದಿ ಸೀಮೆಸುಣ್ಣದ ಹಾಗೆ ಉದುರುತ್ತದೆ, ಇನ್ನೊಂದು ಬದಿಗೆ ಗಟ್ಟಿ ಹೊಳೆಯುವ ಪದರ ಇರುತ್ತದೆ. ಆ ಗಟ್ಟಿ ಪದರವನ್ನು ಚಾಕುವಿನಿಂದ ಎಬ್ಬಿಸಿ ತೆಗೆಯಿರಿ. ಅದು ಮುರಿದರೆ ಚೂಪಾಗುತ್ತದೆ, ನುಂಗಿದರೆ ಕಷ್ಟ. ಉಳಿದದ್ದನ್ನು ತುಂಡು ಮಾಡಿ ನೀರಲ್ಲಿ ತೇಲಿಬಿಡಿ. ನನ್ನ ಆಮೆ ಮೊದಲ ಎರಡು ತಿಂಗಳು ತಿರುಗಿಯೂ ನೋಡಲಿಲ್ಲ. ಒಂದು ದಿನ ಬೆಳಗ್ಗೆ ನೋಡಿದರೆ ತುಂಡಿನ ಅಂಚಿನ ತುಂಬ ಅರ್ಧ ಚಂದ್ರದ ಆಕಾರದ ಕಡಿತ. ಒಂದರ ಪಕ್ಕ ಒಂದು, ಸಾಲಾಗಿ. ಸಂಜೆಗೆ ತುಂಡೇ ಇರಲಿಲ್ಲ.

ಎರಡು, ಜೆಲ್ಲಿ. ಸಕ್ಕರೆ ಇಲ್ಲದ ಸಾದಾ ಜೆಲಾಟಿನ್ ಅನ್ನು ಬಿಸಿ ನೀರಲ್ಲಿ ಕರಗಿಸಿ. ಪೆಲೆಟ್ ಪುಡಿ, ಸಣ್ಣಗೆ ಹೆಚ್ಚಿದ ಸೊಪ್ಪು, ಸ್ವಲ್ಪ ಮೀನು ಸೇರಿಸಿ. ಉಗುರುಬೆಚ್ಚಗಾದ ಮೇಲೆ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ಒಂದು ಚಿಟಿಕೆ ಬೆರೆಸಿ. ಫ್ರಿಜ್‌ನಲ್ಲಿ ಗಟ್ಟಿಯಾದ ಮೇಲೆ ಆಮೆ ಬಾಯಿಗೆ ಹಿಡಿಸುವಷ್ಟು ಚೌಕ ಕತ್ತರಿಸಿ, ವಾರಕ್ಕಾಗುವಷ್ಟು ಫ್ರೀಜರ್‌ನಲ್ಲಿಡಿ. ಕೊಡುವ ಮೊದಲು ಕರಗಿಸಿ, ತಣ್ಣಗಿರಬಾರದು. ಪುಡಿ ಒಳಗೇ ಸಿಕ್ಕಿಹಾಕಿಕೊಂಡಿರುವುದರಿಂದ ನೀರಿಗೆ ಹೋಗುವುದಿಲ್ಲ. ಸೀಗಡಿ ಚಟ ಇರುವ ಮರಿಗೆ ಶುರುವಿನಲ್ಲಿ ಒಂದು ಸೀಗಡಿಯನ್ನು ಪುಡಿ ಮಾಡಿ ಸೇರಿಸಿ, ವಾಸನೆಗೆ ಬರುತ್ತದೆ. ವಾರ ವಾರಕ್ಕೆ ಅದನ್ನು ಕಡಿಮೆ ಮಾಡುತ್ತಾ ಹೋಗಿ.

ಇಷ್ಟೆಲ್ಲ ಕಲಿತದ್ದು ಒಂದು ಆಮೆ ಹೋದ ಮೇಲೆ. ಅದು ಹೆಣ್ಣು, ಆರು ವರ್ಷದ್ದು. ಜೊತೆಗೆ ಗಂಡು ಇರಲಿಲ್ಲ, ಹಾಗಾಗಿ ಮೊಟ್ಟೆಯ ಯೋಚನೆಯೇ ನಮಗೆ ಬರಲಿಲ್ಲ. ಹೆಣ್ಣು ಒಂಟಿಯಾಗಿದ್ದರೂ ಮೊಟ್ಟೆ ಕಟ್ಟುತ್ತದೆ ಅಂತ ಗೊತ್ತಿರಲಿಲ್ಲ. ಊಟ ಬಿಟ್ಟಿತು, ಹಿಂಗಾಲಿನಿಂದ ಟ್ಯಾಂಕಿನ ಗಾಜನ್ನು ರಾತ್ರಿಯೆಲ್ಲ ಗೀರುತ್ತಿತ್ತು. ಮೊದಲು ಹೋದ ಕ್ಲಿನಿಕ್‌ನಲ್ಲಿ ಆಮೆ ನೋಡುವವರು ಇರಲಿಲ್ಲ, ಗ್ಯಾಸ್ ಇರಬೇಕು ಅಂತ ಹೇಳಿ ಕಳಿಸಿದರು. ಎರಡನೇ ಕಡೆ ಎಕ್ಸ್‌ರೇ ತೆಗೆದಾಗ ಒಳಗೆ ಏಳು ಮೊಟ್ಟೆ. ಅಗೆಯಲು ಮರಳು ಇಟ್ಟಿರಲಿಲ್ಲ. ಮೊಟ್ಟೆ ಚಿಪ್ಪಿಗೆ ಕ್ಯಾಲ್ಸಿಯಂ ಖರ್ಚಾಗಿ ಹೋಗಿತ್ತು, ಅದನ್ನು ಹೊರಗೆ ತಳ್ಳಲು ಮಾಂಸಖಂಡಕ್ಕೂ ಕ್ಯಾಲ್ಸಿಯಂ ಬೇಕಲ್ಲ, ಅದೂ ಇರಲಿಲ್ಲ. ಉಳಿಯಲಿಲ್ಲ.

ಈಗಿನದಕ್ಕೆ ನಾಲ್ಕನೇ ವರ್ಷದಿಂದಲೇ ಮರಳಿನ ಪೆಟ್ಟಿಗೆ ಇಟ್ಟಿದ್ದೇನೆ. ಕಟಲ್‌ಬೋನ್ ಇದ್ದಕ್ಕಿದ್ದ ಹಾಗೆ ಮುಗಿಸಿದರೆ ಮೊಟ್ಟೆಯ ಸಮಯ ಬಂತು ಅಂತ ನನಗೆ ತಿಳಿಯುತ್ತದೆ. ಹೆಣ್ಣು ಆಮೆ ಇರುವವರು ದಯವಿಟ್ಟು ಇದನ್ನು ನೆನಪಿಡಿ.

ಪ್ರಾಣಿವೈದ್ಯೆ:

ಮರಳುಗುಂಡಿ ಅಕ್ಕ, ಓದಿ ತುಂಬಾ ಸಂಕಟವಾಯಿತು. ಇದನ್ನು ಬರೆದದ್ದರಿಂದ ಬೇರೆಯವರ ಆಮೆ ಉಳಿಯಬಹುದು.

ಮೊಟ್ಟೆ ಚಿಪ್ಪು ಪುಡಿ ಮಾಡಿ ಕೊಡಬಹುದಾ ಅಂತ ನನಗೆ ಯಾವಾಗಲೂ ಕೇಳುತ್ತಾರೆ. ಕೋಳಿಮೊಟ್ಟೆ ಚಿಪ್ಪೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಹತ್ತು ನಿಮಿಷ ಕುದಿಸಿ, ಒಳಗಿನ ತೆಳು ಪೊರೆ ತೆಗೆದು, ಒಣಗಿಸಿ, ಹಿಟ್ಟಿನಷ್ಟು ನುಣ್ಣಗೆ ಮಾಡಿದರೆ ಜೆಲ್ಲಿಗೆ ಸೇರಿಸಬಹುದು. ಚೂರು ಉಳಿಯಬಾರದು. ಮತ್ತೆ ಯಾವುದೇ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಚಿಪ್ಪಿನ ಮೇಲೆ ಹಚ್ಚಬೇಡಿ. ಹೊರಗಿನಿಂದ ಮೂಳೆಗೆ ಏನೂ ಸೇರುವುದಿಲ್ಲ.

ಚಿಪ್ಪು ಎಷ್ಟು ದೊಡ್ಡ ಕ್ಯಾಲ್ಸಿಯಂ ದಾಸ್ತಾನು ಅನ್ನುವುದಕ್ಕೆ ನನಗೆ ತುಂಬಾ ಇಷ್ಟದ ಒಂದು ಉದಾಹರಣೆ ಇದೆ. ಉತ್ತರ ಅಮೆರಿಕದ ಪೇಂಟೆಡ್ ಟರ್ಟಲ್ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ತಳದಲ್ಲಿ ಕೂರುತ್ತದೆ. ಉಸಿರಾಡಲು ಮೇಲೆ ಬರುವ ಹಾಗಿಲ್ಲ. 3 ಡಿಗ್ರಿ ನೀರಲ್ಲಿ, ಆಮ್ಲಜನಕವೇ ಇಲ್ಲದೆ ಮೂರು ತಿಂಗಳಿಗೂ ಹೆಚ್ಚು ಬದುಕುತ್ತದೆ. ಆಗ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತಾ ಹೋಗುತ್ತದೆ. ಚಿಪ್ಪು ತನ್ನ ಕಾರ್ಬೊನೇಟ್ ಬಿಟ್ಟುಕೊಟ್ಟು ಆ ಆಮ್ಲವನ್ನು ತಣಿಸುತ್ತದೆ, ಒಂದಷ್ಟನ್ನು ತನ್ನೊಳಗೇ ತುಂಬಿಕೊಳ್ಳುತ್ತದೆ. ವಸಂತ ಬಂದು ಆಮೆ ಮೇಲೆ ಬಂದ ಮೇಲೆ ಎಲ್ಲ ವಾಪಸ್ಸಾಗುತ್ತದೆ. ಪ್ರತಿ ಸಲ ಎಕ್ಸ್‌ರೇ ಹಿಡಿದು ನೋಡುವಾಗ ನನಗೆ ಇದು ನೆನಪಾಗುತ್ತದೆ.

ಹಸಿರುಟಬ್:

ಡಾಕ್ಟರ್‌ಗೆ ತೋರಿಸಿ ಬಂದೆ. ಎಕ್ಸ್‌ರೇಯಲ್ಲಿ ಕಾಲಿನ ಮೂಳೆಗಳು ಮಬ್ಬಾಗಿ, ಅಂಚೇ ಕಾಣದ ಹಾಗಿದ್ದವು. ಪಕ್ಕದಲ್ಲಿ ಆರೋಗ್ಯವಂತ ಆಮೆಯ ಎಕ್ಸ್‌ರೇ ಇಟ್ಟು ತೋರಿಸಿದರು. ಮೂಳೆ ಮುರಿದಿಲ್ಲ. ನಡುಕ ಇಲ್ಲದ್ದರಿಂದ ಇಂಜೆಕ್ಷನ್ ಬೇಡ, ಬಾಯಿಗೆ ಹಾಕುವ ಕ್ಯಾಲ್ಸಿಯಂ ದ್ರವ ಸಾಕು ಅಂದರು. ತೂಕ ನೋಡಿ ಹನಿ ಲೆಕ್ಕದಲ್ಲಿ ಬರೆದುಕೊಟ್ಟಿದ್ದಾರೆ. ನಾನು ತಂದಿದ್ದ ಪುಡಿ ಡಿ3 ಇರುವುದು, ಅದನ್ನು ನಿಲ್ಲಿಸಲು ಹೇಳಿದರು.

ಚಿಪ್ಪು ಸರಿಹೋಗುತ್ತಾ ಅಂತ ಕೇಳಿದೆ. ಗಟ್ಟಿಯಾಗುತ್ತದೆ, ಆದರೆ ಹಿಂದಿನ ಅಂಚು ಮೇಲಕ್ಕೆ ಮಡಿಚಿಕೊಂಡಿದೆಯಲ್ಲ, ಅದು ಹಾಗೇ ಉಳಿಯಬಹುದು ಅಂದರು. ಮಗಳಿಗೆ ಇವತ್ತು ಎಲ್ಲ ಹೇಳಿದೆ. ಹನಿ ಹಾಕುವುದನ್ನು ತಾನೇ ಪುಸ್ತಕದಲ್ಲಿ ಬರೆದಿಡುತ್ತೇನೆ ಅಂದಳು.

ಪ್ರಾಣಿವೈದ್ಯೆ:

ಒಳ್ಳೇ ಕೈಗೆ ಸಿಕ್ಕಿದೆ. ಅವರು ಹೇಳಿದ ಹನಿಗಿಂತ ಜಾಸ್ತಿ ಹಾಕಬೇಡಿ, ಬೇಗ ಆಗಲಿ ಅಂತ ಅನಿಸಿದರೂ ಕೂಡ. ಆಮೆ ಮುಟ್ಟಿದ ಮೇಲೆ ಮಗಳು ಸೋಪು ಹಾಕಿ ಕೈ ತೊಳೆಯಲಿ. ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಅನ್ನುವ, ನಮ್ಮ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಮಳೆಹನಿ:

ಹಾಲು ನಿಲ್ಲಿಸಲು ಅಮ್ಮನಿಗೆ ಹೇಳಿದೆ. ಒಂದು ಡೌಟು. ನಮ್ಮ ಆಮೆ ಒಣಗಿದಾಗ ಚಿಪ್ಪಿನ ಮೇಲೆ ಬಿಳಿ ಬಿಳಿ ಕಲೆ ಕಾಣುತ್ತದೆ. ಇದು ಕ್ಯಾಲ್ಸಿಯಂ ಕಡಿಮೆಯಾಗಿಯಾ ಅಥವಾ ಜಾಸ್ತಿಯಾಗಿಯಾ?

ಹಳೇಟ್ಯಾಂಕ್:

ಬಹುಶಃ ಎರಡೂ ಅಲ್ಲ. ಗಡಸು ನೀರು ಒಣಗಿದರೆ ಪಾತ್ರೆಯ ಮೇಲೆ ಉಳಿಯುವ ಬಿಳಿ ಕಲೆಯೇ ಅದು. ಒದ್ದೆಯಾದಾಗ ಮಾಯವಾಗುತ್ತಾ ನೋಡಿ. ಕಲೆ ಇರುವ ಕಡೆ ಚಿಪ್ಪು ಮೆತ್ತಗಿದ್ದರೆ, ಗುಳಿ ಬಿದ್ದಿದ್ದರೆ, ವಾಸನೆ ಬಂದರೆ ಅದು ಚಿಪ್ಪು ಕೊಳೆಯುವ ರೋಗ, ಡಾಕ್ಟರ್‌ಗೆ ತೋರಿಸಬೇಕು. ತೆಳ್ಳಗಿನ ಪಾರದರ್ಶಕ ಬಿಲ್ಲೆ ಪೂರ್ತಿಯಾಗಿ ಕಳಚಿ ಬೀಳುತ್ತಿದ್ದರೆ ಹೆದರಬೇಡಿ, ಸ್ಲೈಡರ್ ಬೆಳೆಯುವಾಗ ಹಾಗೆ ಪೊರೆ ಬಿಡುತ್ತದೆ.

ಹಸಿರುಟಬ್ (ನಾಲ್ಕು ತಿಂಗಳ ನಂತರ):

ಸುದ್ದಿ ಹೇಳಲು ಬಂದೆ. ತೂಕ ಈಗ 71 ಗ್ರಾಂ. ಮೊನ್ನೆ ಎರಡನೇ ಎಕ್ಸ್‌ರೇ ಆಯಿತು, ಕಾಲಿನ ಮೂಳೆಗಳ ಅಂಚು ಬಿಳಿ ಗೆರೆಯಾಗಿ ಕಾಣುತ್ತಿದೆ. ಡಾಕ್ಟರೇ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು, ಚಿಪ್ಪು ಬಾಗಲಿಲ್ಲ. ದ್ರವ ನಿಲ್ಲಿಸಿದ್ದಾರೆ.

ಮಡಿಚಿದ ಅಂಚು ಹಾಗೇ ಇದೆ. ಆದರೆ ಬಿಲ್ಲೆಗಳ ನಡುವೆ ತಿಳಿ ಬಣ್ಣದ ಹೊಸ ಗೆರೆ ಬಂದಿದೆ, ಒಂದು ಕೂದಲಿನಷ್ಟು ಅಗಲ. ಬೆಳವಣಿಗೆ ಅದೇ ಅಂತೆ. ಮರಳುಗುಂಡಿ ಅಕ್ಕ, ಜೆಲ್ಲಿಯಲ್ಲಿ ಸೀಗಡಿ ನಿಲ್ಲಿಸಿ ಮೂರು ವಾರ ಆಯಿತು. ಪೆಲೆಟ್ ತಿನ್ನುತ್ತಿದೆ. ಸೊಪ್ಪನ್ನು ಇನ್ನೂ ಹರಿದು ಬಿಸಾಡುತ್ತದೆ. ಕಟಲ್‌ಬೋನ್ ಮುಟ್ಟಿಲ್ಲ.

ಮರಳುಗುಂಡಿ:

ತುಂಬಾ ಖುಷಿಯಾಯಿತು ಕಣಪ್ಪಾ. ಕಟಲ್‌ಬೋನ್ ತೆಗೆಯಬೇಡಿ, ಅಲ್ಲೇ ಇರಲಿ. ಸೊಪ್ಪನ್ನು ಕ್ಲಿಪ್ ಹಾಕಿ ನೀರಿನ ಮಟ್ಟಕ್ಕೆ ಕಟ್ಟಿ ಬಿಡಿ, ರಾತ್ರಿಯೊಳಗೆ ತಿನ್ನದಿದ್ದರೆ ತೆಗೆದು ನಾಳೆ ಹೊಸದು ಕಟ್ಟಿ. ನನ್ನದು ಐದು ತಿಂಗಳು ತೆಗೆದುಕೊಂಡಿತು.

ಹಸಿರುಟಬ್:

ಸರಿ ಅಕ್ಕ, ಕ್ಲಿಪ್ ಇದೆ. ಇವತ್ತು ಸಂಜೆಯೇ ಕಟ್ಟುತ್ತೇನೆ. ಟ್ಯೂಬಿನ ಮೇಲೆ ತಾರೀಕು ಬರೆದಿದ್ದೇನೆ, ಬದಲಾಯಿಸುವ ತಿಂಗಳನ್ನು ಮಗಳು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದಾಳೆ.